‘ಪೋರ್ಟ್ ಮಾಡು’ – ಕನ್ನಡದಲ್ಲಿ ಏನು? ಫಲಕಕ್ಕೆ ಬೇಕು, ತುರ್ತು

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ನಮ್ಮ ಕಾಲೇಜಿನಲ್ಲಿ ಹಳೆಯ ಕಂಪ್ಯೂಟರುಗಳ ಪ್ರದರ್ಶನ ಇಡುತ್ತಿದ್ದೇವೆ. ಒಂದು 486 ಯಂತ್ರಕ್ಕೆ ಫ್ರೀಡಾಸ್ (ಡಾಸ್ ಆಪರೇಟಿಂಗ್ ಸಿಸ್ಟಂಗೆ ಬದಲಾಗಿ ಬಳಸುವ ಉಚಿತ ಸಿಸ್ಟಂ) ಹಾಕಿ, ಯುನಿಕ್ಸ್ ಎಂಬ ಇನ್ನೊಂದು ಆಪರೇಟಿಂಗ್ ಸಿಸ್ಟಂ ಕಡೆಯ ಗ್ರೆಪ್ (ಪಠ್ಯ ಹುಡುಕಲು), ಸೆಡ್ (ಪಠ್ಯ ತಿದ್ದಲು), ಡಿಫ್ (ಫೈಲು ಹೋಲಿಸಲು) ಇವನ್ನೆಲ್ಲ ಓಡಿಸಿ ತೋರಿಸುತ್ತೇವೆ. ಪಕ್ಕದ ಫಲಕಕ್ಕೆ ‘ಡಾಸ್‌ಗೆ ಪೋರ್ಟ್ ಮಾಡಿ ಟೆಸ್ಟ್ ಮಾಡಲಾದ ಟೂಲ್‌ಗಳು’ ಎನ್ನುವ ಅರ್ಥದ ಸಾಲು ಬೇಕು. ಪೋರ್ಟ್ ಅಂದರೆ ಒಂದು ಸಿಸ್ಟಂಗೆ ಬರೆದ ಪ್ರೋಗ್ರಾಂ ಇನ್ನೊಂದರಲ್ಲಿ ಓಡುವಂತೆ ಮಾಡುವುದು. ‘ಲೆಗಸಿ ಆಪರೇಟಿಂಗ್ ಸಿಸ್ಟಂ’ ಎನ್ನುವುದಕ್ಕೂ ಒಂದು ಪದ ಹೇಳಿ. ಹೈಸ್ಕೂಲ್ ಮಕ್ಕಳೂ ಬರುತ್ತಾರೆ, ಅವರಿಗೂ ತಿಳಿಯಬೇಕು. ನಾಳೆ ಮಧ್ಯಾಹ್ನ ಫ್ಲೆಕ್ಸ್ ಅಂಗಡಿಗೆ ಕೊಡಬೇಕು.

ಉತ್ತರ 1:
ಸಾಗಿಸು. ಲ್ಯಾಟಿನ್‌ನ ‘ಪೋರ್ಟಾರೆ’ ಅಂದರೆ ಹೊರು, ಹೊತ್ತೊಯ್ಯು. ಟ್ರಾನ್ಸ್‌ಪೋರ್ಟ್, ಎಕ್ಸ್‌ಪೋರ್ಟ್, ಪೋರ್ಟಬಲ್ ಎಲ್ಲವೂ ಅದೇ ಬೇರಿನವು. ಬಂದರಿಗೆ ಹೇಳುವ ಪೋರ್ಟ್ ಬೇರೆ, ಅದನ್ನು ಇಲ್ಲಿ ಬೆರೆಸಬೇಡಿ. ಲೆಗಸಿಗೆ ‘ಪಾರಂಪರಿಕ ಕಾರ್ಯಾಚರಣೆ ವ್ಯವಸ್ಥೆ’.

ಉತ್ತರ 2:
ಒಪ್ಪುವುದಿಲ್ಲ. ಇಂಗ್ಲಿಷ್ ಪದದ ಬೇರು ಹಿಡಿದು ಕನ್ನಡ ಪದ ಕಟ್ಟಬಾರದು. ಕೆಲಸ ನೋಡಿ ಕಟ್ಟಬೇಕು.

ಫ್ಲಾಪಿಯಲ್ಲಿ ಫೈಲು ತಂದು ಡಾಸ್ ಯಂತ್ರಕ್ಕೆ ಹಾಕಿದರೆ ಅದು ಸಾಗಿಸಿದ್ದು. ಹಾಗೆ ತಂದ ಪ್ರೋಗ್ರಾಂ ಅಲ್ಲಿ ಓಡುವುದಿಲ್ಲ. ಪೋರ್ಟ್ ಮಾಡುವವರ ಕೆಲಸ ಶುರುವಾಗುವುದೇ ಅಲ್ಲಿಂದ. ಯುನಿಕ್ಸ್‌ನಲ್ಲಿ ಸಾಲಿನ ಕೊನೆಗೆ ಒಂದೇ ಗುರುತು, ಡಾಸ್‌ನಲ್ಲಿ ಎರಡು. ಫೈಲಿನ ಹೆಸರು 8 ಅಕ್ಷರ, ಒಂದು ಚುಕ್ಕಿ, ಆಮೇಲೆ 3 ಅಕ್ಷರ. ‘ಕಾನ್ಫಿಗ್.ಎಚ್.ಇನ್’ ಅಂತ ಎರಡು ಚುಕ್ಕಿಯ ಹೆಸರು ಇದ್ದರೆ ಬದಲಿಸಲೇಬೇಕು. ಕಮಾಂಡ್ ಹೆಸರಾದ ಮೇಲೆ 126 ಅಕ್ಷರಕ್ಕಿಂತ ಜಾಸ್ತಿ ಹಿಡಿಯುವುದಿಲ್ಲ. ಫೋರ್ಕ್, ಅಂದರೆ ಓಡುತ್ತಿರುವ ಪ್ರೋಗ್ರಾಂ ತನ್ನದೇ ಇನ್ನೊಂದು ಪ್ರತಿ ಹುಟ್ಟಿಸುವುದು, ಇಲ್ಲ. ಪೈಪ್, ಅಂದರೆ ಒಂದು ಪ್ರೋಗ್ರಾಂ ಬರೆದದ್ದನ್ನು ಇನ್ನೊಂದಕ್ಕೆ ಕೊಡುವುದು, ಇದೆ, ಆದರೆ ಮೊದಲ ಪ್ರೋಗ್ರಾಂ ಪೂರ್ತಿ ಮುಗಿದು, ಅದು ಬರೆದದ್ದೆಲ್ಲ ಒಂದು ತಾತ್ಕಾಲಿಕ ಫೈಲಿಗೆ ಹೋದ ಮೇಲೇ ಎರಡನೆಯದು ಶುರುವಾಗುತ್ತದೆ.

ಎಲ್ಲಕ್ಕಿಂತ ಕಾಟ ಕೊಡುವುದು ಕಂಟ್ರೋಲ್-ಜೆಡ್, ಅಂದರೆ 26 ಎಂಬ ಬೆಲೆಯ ಬೈಟ್. ಫೈಲನ್ನು ಟೆಕ್ಸ್ಟ್ ಅಂತ ತೆರೆದರೆ, ಆ ಬೈಟ್ ಸಿಕ್ಕ ಕೂಡಲೇ ಫೈಲು ಮುಗಿಯಿತು ಅಂದುಕೊಂಡು ಓದುವುದೇ ನಿಂತುಬಿಡುತ್ತದೆ. ಉಳಿದದ್ದು ಕಾಣೆ. ತಪ್ಪಾಗಿದೆ ಅಂತ ಒಂದು ಸಂದೇಶವೂ ಬರುವುದಿಲ್ಲ.

1989ರಲ್ಲಿ ಯುನಿಕ್ಸ್ ಬಳಕೆದಾರರ ಕೂಟವೊಂದರಲ್ಲಿ ರಿಚರ್ಡ್ ಸ್ಟಾಲ್‌ಮನ್ ಅವರನ್ನು, ಅವರು ಬರೆದ ಜಿಸಿಸಿ (ಕೋಡನ್ನು ಯಂತ್ರದಲ್ಲಿ ಓಡುವ ಪ್ರೋಗ್ರಾಂ ಆಗಿ ಬದಲಿಸುವ ಕಂಪೈಲರ್) ಡಾಸ್‌ಗೆ ಬರುತ್ತದಾ ಅಂತ ಕೇಳಿದರು. ಅದು ತೀರಾ ದೊಡ್ಡದು, ಡಾಸ್ 16 ಬಿಟ್‌ನದು, ಆಗದು ಅಂದರು ಅವರು. ಡಿಜೆ ಡೆಲೋರಿ ಅದನ್ನೇ ಸವಾಲಾಗಿ ತಗೊಂಡು, ಜಿಸಿಸಿಯನ್ನು ಡಾಸ್‌ಗೆ ತರುವ ಡಿಜೆಜಿಪಿಪಿ ಯೋಜನೆ ಶುರು ಮಾಡಿದರು. ಅಲ್ಲಿ ಕಷ್ಟವಿದ್ದದ್ದು ಹೊತ್ತು ತರುವುದರಲ್ಲಿ ಅಲ್ಲ. ಹೊಸ ಊರಿನ ನೀರು ಒಗ್ಗಲಿಲ್ಲ ಅಂತೀವಲ್ಲ, ಆ ಒಗ್ಗುವುದರಲ್ಲಿ. ಪದ ಅಲ್ಲೇ ಇದೆ: ಒಗ್ಗಿಸು. ‘ಡಾಸ್‌ಗೆ ಒಗ್ಗಿಸಿದ ಗ್ರೆಪ್’. ‘ಹೊಂದಿಸು’ ಸೆಟ್ಟಿಂಗ್‌ಗೆ ಹೋಗಿದೆ, ‘ಅಳವಡಿಸು’ ಇನ್‌ಸ್ಟಾಲ್‌ಗೆ. ‘ರೂಪಾಂತರ’ ನಾಟಕದವರಿಗೆ ಇರಲಿ.

‘ಪಾರಂಪರಿಕ’ ಬೇಡವೇ ಬೇಡ. ಅದು ಮೈಸೂರಿನ ಕಟ್ಟಡಗಳಿಗೆ ಹೇಳುವ ಮಾತು. ‘ಕಾರ್ಯಾಚರಣೆ’ ಅಂದರೆ ಪೇಪರ್ ಓದುವವರಿಗೆ ನೆರೆ, ರಕ್ಷಣಾ ತಂಡ, ಪೊಲೀಸರು ನೆನಪಾಗುತ್ತಾರೆ. ‘ಹಳೆಯ ಆಪರೇಟಿಂಗ್ ಸಿಸ್ಟಂ’ ಸಾಕು.

ಉತ್ತರ 1:
ಲೆಗಸಿ ಅಂದರೆ ಬರೀ ಹಳೆಯದಲ್ಲ. ಹಳೆಯದಾದರೂ ಇನ್ನೂ ಕೆಲಸ ಮಾಡುತ್ತಿರುವುದು. ಫ್ರೀಡಾಸ್ 1994ರಲ್ಲಿ ಶುರುವಾದದ್ದು, 2022ರಲ್ಲೂ ಅದರ 1.3ನೇ ಆವೃತ್ತಿ ಬಂತು. ‘ಹಳೆಯ’ ಅಂದರೆ ಆ ಅರ್ಥ ಸತ್ತಿತು.

ಉತ್ತರ 2:
ಹಳೆಯದು ಬೇರೆ, ಹಾಳಾದದ್ದು ಬೇರೆ. ಯಂತ್ರ ಅಲ್ಲೇ ಓಡುತ್ತಿರುತ್ತದೆ. ಮಕ್ಕಳು ಕಣ್ಣಾರೆ ನೋಡುತ್ತಾರೆ.

ಉತ್ತರ 3:
‘ಒಗ್ಗಿಸು’ ಚೆನ್ನಾಗಿದೆ. ಒಗ್ಗಟ್ಟು, ಒಗ್ಗರಣೆ ಎಲ್ಲ ಅದೇ ಬೇರಿನವು, ಸೇರಿ ಒಂದಾಗುವುದು. ಹಾಗೇ ‘ಟೆಸ್ಟ್’ಗೂ ‘ಪರೀಕ್ಷೆ’ ಬೇಡ, ಅದು ಸಂಸ್ಕೃತ. ‘ಒರೆಗೆ ಹಚ್ಚು’ ಅನ್ನಿ. ಕನ್ನಡದ ಬೇರಿನಿಂದಲೇ ಕಟ್ಟುತ್ತೇವೆ ಅಂತ ಹೊರಟ ಮೇಲೆ ಪೂರ್ತಿ ಕಟ್ಟಬೇಕು.

ಉತ್ತರ 2:
ಒಗ್ಗಟ್ಟು ಅಂದರೆ ಒಂದು ಕಟ್ಟು. ‘ಒಗ್ಗು’ ಜೊತೆ ಅದನ್ನು ಸುಮ್ನೆ ಗಂಟು ಹಾಕಬೇಡಿ. ಒಗ್ಗರಣೆಯನ್ನೂ ಬಿಡಿ.

ಒರೆಗೆ ಹಚ್ಚುವುದು ಚಿನ್ನ ಎಷ್ಟು ಅಪ್ಪಟ ಅಂತ ನೋಡಲಿಕ್ಕೆ. ಇಲ್ಲಿ ನೋಡುವುದು ಬೇರೆ. ಒಂದೇ ಫೈಲನ್ನು ಯುನಿಕ್ಸ್‌ನಲ್ಲೂ ಡಾಸ್‌ನಲ್ಲೂ ಸೆಡ್‌ಗೆ ಕೊಟ್ಟು, ಎರಡು ಕಡೆ ಬಂದದ್ದನ್ನು ಡಿಫ್‌ನಲ್ಲಿ ಹೋಲಿಸುತ್ತಾರೆ. ಸಾಲಿನ ಕೊನೆಯ ಗುರುತು ಬೇರೆಯಾದ್ದರಿಂದ ಮೊದಲ ಸಲ ಪ್ರತಿ ಸಾಲೂ ತಪ್ಪು ಅಂತಲೇ ತೋರಿಸಬಹುದು. ಆ ಗುರುತನ್ನು ಲೆಕ್ಕದಿಂದ ಬಿಟ್ಟು ಮತ್ತೆ ಹೋಲಿಸಿದಾಗ ನಿಜವಾದ ತಪ್ಪು ಸಿಗುತ್ತದೆ. ಇದಕ್ಕೆ ‘ಪರೀಕ್ಷೆ’ ಸಾಕು. ಆ ಪದ ಗೊತ್ತಿಲ್ಲದ ಹೈಸ್ಕೂಲ್ ಮಗು ಯಾವುದಿದೆ?

ಉತ್ತರ 3:
ಹಾಗಾದರೆ ‘ಪೋರ್ಟ್’ ಕೂಡ ಎಲ್ಲರಿಗೂ ಗೊತ್ತು. ಮೊಬೈಲ್ ನಂಬರ್ ಪೋರ್ಟ್ ಮಾಡಿಸುತ್ತಾರಲ್ಲ. ಅದಕ್ಕೆ ಮಾತ್ರ ಕನ್ನಡ ಯಾಕೆ ಬೇಕಾಯಿತು? ತತ್ವ ಅಂದ ಮೇಲೆ ಒಂದೇ ಇರಬೇಕು.

ಉತ್ತರ 2:
ನಂಬರ್ ಪೋರ್ಟ್ ಮಾಡಿದರೆ ನಂಬರ್ ಬದಲಾಗುವುದಿಲ್ಲ, ಕಂಪನಿ ಬದಲಾಗುತ್ತದೆ. ಪ್ರೋಗ್ರಾಂ ಪೋರ್ಟ್ ಮಾಡಿದರೆ ಪ್ರೋಗ್ರಾಮೇ ಬದಲಾಗುತ್ತದೆ. ಮಕ್ಕಳಿಗೆ ದಾರಿ ತಪ್ಪುವುದು ಅಲ್ಲೇ, ಅದಕ್ಕೇ ಬೇರೆ ಪದ ಬೇಕು. ಎರವಲಿನ ಮೇಲೆ ನನಗೆ ಸಿಟ್ಟಿಲ್ಲ. ಅರ್ಜಿ, ಕಚೇರಿ ಹೊರಗಿನಿಂದಲೇ ಬಂದವು. ಮೇಲೆ ಹೇಳಿದ ‘ಬಂದರು’ ಕೂಡ ಪಾರಸಿಯದ್ದೇ. ಅರ್ಥ ಹೊತ್ತು ತರುವ ಎರವಲು ಇರಲಿ. ಅರ್ಥ ಮರೆಸುವ ಎರವಲು ಬೇಡ.

ಕೇಳಿದವರು:
ಎಲ್ಲರಿಗೂ ಧನ್ಯವಾದ. ‘ಹಳೆಯ ಆಪರೇಟಿಂಗ್ ಸಿಸ್ಟಂ ಆದ ಡಾಸ್‌ಗೆ ಒಗ್ಗಿಸಿ ಪರೀಕ್ಷಿಸಲಾದ ಸಲಕರಣೆಗಳು’ ಅಂತ ಕೊಡಲಾ?

ಉತ್ತರ 1:
‘ಒಗ್ಗಿಸು’ ಬಗ್ಗೆ ಇನ್ನು ತಕರಾರಿಲ್ಲ. ಆದರೆ ‘ಲಾದ’ ತೆಗೆಯಿರಿ. ಅದು ಸರ್ಕಾರಿ ಸುತ್ತೋಲೆಯ ಕನ್ನಡ, ಯಾರು ಮಾಡಿದರು ಅಂತ ಹೇಳುವುದೇ ಇಲ್ಲ. ಒಗ್ಗಿಸಿದವರು ಡಿಜೆಜಿಪಿಪಿ ಬಳಗದವರು, ಪರೀಕ್ಷಿಸಿದವರು ನಿಮ್ಮ ವಿದ್ಯಾರ್ಥಿಗಳು, ಅಲ್ವಾ? ಎರಡು ಸಾಲಾಗಿ ಬರೆದು ಇಬ್ಬರನ್ನೂ ಹೆಸರಿಸಿ.