ಎಲೆಕ್ಟ್ರಿಕ್ ವಾಟರ್ ಪಂಪಿನ ಸ್ಪೀಡ್ ಇಸಿಯು (ಎಂಜಿನ್ ಕಂಪ್ಯೂಟರ್) ಕೈಗೆ ಕೊಟ್ಟರೆ ಥರ್ಮೋಸ್ಟಾಟ್ ಬೇಕಾ?

ಸ್ಪ್ಯಾನರ್12:
ಬೆಲ್ಟ್ ಪಂಪ್ ತೆಗೆದು 12 ವೋಲ್ಟಿನ ಎಲೆಕ್ಟ್ರಿಕ್ ಪಂಪ್ ಕೂರಿಸಿದ್ದೇನೆ. ಬ್ರಶ್ ಮೋಟಾರಿನದು, ಎರಡೇ ವೈರು. ಫುಲ್ ಸ್ಪೀಡಿನಲ್ಲಿ 9 ಆಂಪ್ಸ್ ಎಳೆಯುತ್ತದೆ. ಇಸಿಯು ಮೆಗಾಸ್ಕ್ವರ್ಟ್-3, ಅದರಲ್ಲಿ ಜೆನೆರಿಕ್ ಪಿಡಬ್ಲ್ಯುಎಂ ಟೇಬಲ್ ಇದೆ, ಅಂದರೆ ಕರೆಂಟನ್ನು ಬೇಗ ಬೇಗ ಆನ್-ಆಫ್ ಮಾಡಿ ಎಷ್ಟು ಪರ್ಸೆಂಟ್ ಕೊಡಬೇಕು ಅಂತ ಬರೆದಿಡುವ ಪಟ್ಟಿ. ನನ್ನ ಪ್ಲಾನ್ ಇಷ್ಟು: ಥರ್ಮೋಸ್ಟಾಟ್ (ನೀರು ಬಿಸಿಯಾದ ಮೇಲೆ ರೇಡಿಯೇಟರಿಗೆ ದಾರಿ ತೆರೆಯುವ ವಾಲ್ವ್) ಕಿತ್ತು ಹಾಕುವುದು, 70 ಡಿಗ್ರಿವರೆಗೆ ಪಂಪ್ ಪೂರ್ತಿ ಬಂದ್, ಆಮೇಲೆ ಬಿಸಿ ಏರಿದ ಹಾಗೆ ಸ್ಪೀಡ್ ಏರಿಸುವುದು. ಎಂಜಿನ್ ಬೇಗ ಬಿಸಿಯಾಗುತ್ತದೆ, ಅಲ್ವಾ? ತಪ್ಪಿದ್ದರೆ ಬೈಯಿರಿ.

ಹಳೇಎಂಜಿನ್:
ಬೈಯುವುದಿಲ್ಲ, ಆದರೆ ಇಷ್ಟೆಲ್ಲ ಯಾಕೆ? ಒಂದು ರಿಲೇ, ಒಂದು ಫ್ಯೂಸ್. ಕೀ ತಿರುಗಿಸಿದರೆ ಪಂಪ್ ಫುಲ್ ಸ್ಪೀಡ್. ಥರ್ಮೋಸ್ಟಾಟ್ ತನ್ನ ಕೆಲಸ ತಾನು ಮಾಡಿಕೊಳ್ಳುತ್ತದೆ. ಒಳಗಿರುವುದು ಮೇಣ, ಬಿಸಿಗೆ ಹಿಗ್ಗಿ ವಾಲ್ವ್ ತೆರೆಯುತ್ತದೆ. ಅದಕ್ಕೆ ವೈರೂ ಬೇಡ, ಸಾಫ್ಟ್‌ವೇರೂ ಬೇಡ.

ಲೆಕ್ಕದಪುಸ್ತಕ:
ಮೇಣದ ಮಾತು ಸರಿ. ಫುಲ್ ಸ್ಪೀಡಿನ ಮಾತು ಒಪ್ಪಲಾರೆ.

ಇದು ಸೆಂಟ್ರಿಫ್ಯೂಗಲ್ ಪಂಪ್. ಸ್ಪೀಡ್ ಅರ್ಧ ಮಾಡಿದರೆ ನೀರಿನ ಹರಿವು ಅರ್ಧ, ಒತ್ತಡ ಕಾಲು ಭಾಗ, ಪವರ್ ಖರ್ಚು ಎಂಟನೇ ಒಂದು ಭಾಗ. 9 ಆಂಪ್ಸ್ ಅಂದರೆ ಹೆಚ್ಚುಕಡಿಮೆ 120 ವ್ಯಾಟ್. ಅರ್ಧ ಸ್ಪೀಡಿಗೆ ಲೆಕ್ಕದ ಪ್ರಕಾರ 15 ವ್ಯಾಟ್. ಬ್ರಶ್ ಉಜ್ಜಾಟ, ಸೀಲ್ ಎಲ್ಲ ಸೇರಿ ಇನ್ನೊಂದಿಷ್ಟು ಜಾಸ್ತಿ ಇಟ್ಟುಕೊಳ್ಳಿ. ಬ್ರಶ್ ಸವೆತವೂ ಕಡಿಮೆ.

ಇನ್ನು ಎಷ್ಟು ನೀರು ಬೇಕು? ಏರು ಹತ್ತುವಾಗ ಕೂಲೆಂಟಿಗೆ 30 ಕಿಲೋವ್ಯಾಟ್ ಬಿಸಿ ಬೀಳುತ್ತಿದೆ ಅನ್ನಿ. ಎಂಜಿನ್ನಿಗೆ ಹೋಗುವ ನೀರಿಗೂ ಹೊರಬರುವ ನೀರಿಗೂ 8 ಡಿಗ್ರಿ ವ್ಯತ್ಯಾಸ ಇರಲಿ. ಅರ್ಧ ನೀರು ಅರ್ಧ ಗ್ಲೈಕಾಲ್ ಆದರೆ ನಿಮಿಷಕ್ಕೆ ಸುಮಾರು 60 ಲೀಟರ್ ಬೇಕು. ಐಡ್ಲಿಂಗಿನಲ್ಲಿ 4 ಕಿಲೋವ್ಯಾಟ್ ಅಂದುಕೊಂಡರೆ 8 ಲೀಟರ್ ಸಾಕು. ಇಷ್ಟು ಅಂತರ ಇರುವಾಗ ಒಂದೇ ಸ್ಪೀಡಿನಲ್ಲಿ ಓಡಿಸುವುದು ಸುಮ್ನೆ ಆಲ್ಟರ್ನೇಟರಿಗೆ ಹೊರೆ.

ಇದೇ ಕಾರಣಕ್ಕೆ ಬಿಎಂಡಬ್ಲ್ಯು ಎನ್52 ಎಂಜಿನ್ನಿನಲ್ಲಿ ವಿದ್ಯುತ್ ಪಂಪ್ ಹಾಕಿ ಎಂಜಿನ್ ಕಂಪ್ಯೂಟರಿನ ಕೈಗೆ ಕೊಟ್ಟಿತು. ಆದರೆ ಒಂದು ಗಮನಿಸಿ ಸ್ಪ್ಯಾನರ್ ಅವರೇ, ಅವರು ಥರ್ಮೋಸ್ಟಾಟ್ ತೆಗೆಯಲಿಲ್ಲ. ಅದನ್ನೂ ಹೀಟರ್ ಕೊಟ್ಟು ಕಂಪ್ಯೂಟರಿಗೇ ಕಟ್ಟಿದರು.

ಕುದಿನೀರು:
ನಾನು ಸ್ಪ್ಯಾನರ್ ಅವರ ಪ್ಲಾನನ್ನೇ ಮಾಡಿ ಕೈ ಸುಟ್ಟುಕೊಂಡವನು. 70ರವರೆಗೆ ಪಂಪ್ ಬಂದ್ ಇಟ್ಟಿದ್ದೆ. ಸೆನ್ಸರ್ ಇದ್ದದ್ದು ಸಿಲಿಂಡರ್ ಹೆಡ್ಡಿನಿಂದ ಹೊರಬರುವ ಪೈಪಿನಲ್ಲಿ. ಸ್ಕ್ರೀನ್ ಮೇಲೆ 58 ಅಂತ ನಿಂತೇ ಇದೆ. ಮೇಲಿನ ಹೋಸ್ ಮುಟ್ಟಿದರೆ ತಣ್ಣಗಿದೆ. ಎಷ್ಟು ಹೊತ್ತಪ್ಪಾ ಅಂತ ಕಾಯುತ್ತಿದ್ದೆ. ಅಷ್ಟರಲ್ಲಿ ಹೆಡ್ ಒಳಗಿಂದ ಟಿಕ್ ಟಿಕ್ ಅಂತ ಸದ್ದು, ಅಕ್ಕಿ ಕುದಿಯೋಕೆ ಮುಂಚೆ ಪಾತ್ರೆ ಮಾಡುತ್ತಲ್ಲ, ಹಾಗೆ. ಗಾಬರಿಯಾಗಿ ಪಂಪ್ ಆನ್ ಮಾಡಿದೆ. 58 ಇದ್ದದ್ದು ಒಂದೇ ಏಟಿಗೆ 104.

ನೀರು ಹರಿಯದಿದ್ದರೆ ಸೆನ್ಸರ್ ಕುರುಡು. ಎಗ್ಸಾಸ್ಟ್ ವಾಲ್ವ್ ಪಕ್ಕ ನೀರು ಕುದಿಯುತ್ತಿದ್ದರೂ ಅದಕ್ಕೆ ಗೊತ್ತಾಗುವುದು ತನ್ನ ಮೂತಿಗೆ ತಾಗಿದ ನೀರು ಮಾತ್ರ. ಪಂಪ್ ಯಾವತ್ತೂ ಪೂರ್ತಿ ನಿಲ್ಲಬಾರದು. ನಾನು ಈಗ ಕನಿಷ್ಠ 25 ಪರ್ಸೆಂಟ್ ಇಟ್ಟಿದ್ದೇನೆ.

ಹಳೇಎಂಜಿನ್:
ನೋಡಿ, ಇದನ್ನೇ ನಾನು ಹೇಳಿದ್ದು.

ಲೆಕ್ಕದಪುಸ್ತಕ:
ಇಲ್ಲ ಸರ್, ಇದು ಪಂಪ್ ನಿಲ್ಲಿಸಿದ್ದರ ತಪ್ಪು, ಸ್ಪೀಡ್ ಇಳಿಸಿದ್ದರದ್ದಲ್ಲ. ಥರ್ಮೋಸ್ಟಾಟ್ ಇರಲಿ, ಬೈಪಾಸ್ ದಾರಿಯೂ (ರೇಡಿಯೇಟರಿಗೆ ಹೋಗದೆ ನೀರು ಎಂಜಿನ್ನಿಗೇ ಮರಳುವ ದಾರಿ) ಇರಲಿ. ಬೈಪಾಸ್ ಮುಚ್ಚಿದ್ದರೆ ಥರ್ಮೋಸ್ಟಾಟ್ ತೆರೆಯುವವರೆಗೆ ನಿಮ್ಮ ಫುಲ್ ಸ್ಪೀಡ್ ಪಂಪ್ ಗೋಡೆಗೆ ನೀರು ತಳ್ಳಿದ ಹಾಗೆ. ಅಲ್ಲೂ ಸೆನ್ಸರ್ ಕುರುಡೇ.

ಹಳೇಎಂಜಿನ್:
ಬೈಪಾಸ್ ವಿಷಯ ಒಪ್ಪಿದೆ. ಉಳಿದದ್ದು ಇನ್ನೂ ಒಪ್ಪಿಲ್ಲ.

ವೈರಿಂಗ್‌ಭೂತ:
ಎಲ್ಲರೂ ನೀರಿನಲ್ಲೇ ಮುಳುಗಿದ್ದೀರಿ. ವೈರಿಂಗ್ ಯಾರು ನೋಡ್ತಾರೆ?

9 ಆಂಪ್ಸನ್ನು ನೇರವಾಗಿ ಇಸಿಯು ಔಟ್‌ಪುಟ್ಟಿಗೆ ಕಟ್ಟಬೇಡಿ. ಮಧ್ಯೆ ಒಂದು ಮಾಸ್ಫೆಟ್ (ಎಲೆಕ್ಟ್ರಾನಿಕ್ ಸ್ವಿಚ್) ಡ್ರೈವರ್ ಬೇಕು, ಹೀಟ್‌ಸಿಂಕ್ ಸಮೇತ. ಸಾದಾ ರಿಲೇಗೆ ಪಿಡಬ್ಲ್ಯುಎಂ ಕೊಡುವ ಸಾಹಸ ಬೇಡ, ಕಾಂಟ್ಯಾಕ್ಟ್ ಸುಟ್ಟುಹೋಗುತ್ತದೆ. ಮೋಟಾರಿನ ಎರಡೂ ತುದಿಗೆ ಅಡ್ಡಲಾಗಿ ಫ್ಲೈಬ್ಯಾಕ್ ಡಯೋಡ್ ಹಾಕಿ. ಹಾಕದಿದ್ದರೆ ಮಾಸ್ಫೆಟ್ ಆಫ್ ಆದ ಪ್ರತಿ ಸಲ ಮೋಟಾರ್ ಒದೆಯುವ ವೋಲ್ಟೇಜ್ ಅದಕ್ಕೇ ಬೀಳುತ್ತದೆ. ಡಯೋಡ್ ತಿರುಗಾಮುರುಗಾ ಹಾಕಿದರೆ ನೇರ ಶಾರ್ಟ್, ಎರಡು ಸಲ ನೋಡಿ.

ಮುಖ್ಯವಾದದ್ದು ಅರ್ಥ್. ಪಂಪಿನ ಅರ್ಥ್ ಮತ್ತು ಸೆನ್ಸರ್ ಅರ್ಥ್ ಒಂದೇ ಬೋಲ್ಟಿಗೆ ಕಟ್ಟಿದರೆ ಪಂಪ್ ಜೋರಾದಾಗೆಲ್ಲ ಟೆಂಪರೇಚರ್ ರೀಡಿಂಗ್ ಜಾರುತ್ತದೆ. ಇಸಿಯು ಅದನ್ನು ನಂಬಿ ಪಂಪಿನ ಸ್ಪೀಡ್ ಬದಲಿಸುತ್ತದೆ. ರೀಡಿಂಗ್ ಮತ್ತೆ ಜಾರುತ್ತದೆ. ಸೆನ್ಸರ್ ಅರ್ಥ್ ಇಸಿಯುಗೇ ವಾಪಸ್ ಹೋಗಲಿ, ಪಂಪಿನದು ಬ್ಯಾಟರಿಗೆ.

ಸಿಗ್ನಲ್ ವೈರ್ ಬೇರೆ ಇರುವ ಪಂಪ್ ಆಗಿದ್ದರೆ ಇದೆಲ್ಲ ತಲೆನೋವು ಕಡಿಮೆ. ಡ್ರೈವರ್ ಪಂಪಿನ ಒಳಗೇ ಇರುತ್ತದೆ, ಸಿಗ್ನಲ್ ಹೋದರೆ ತಾನೇ ಫುಲ್ ಸ್ಪೀಡಿಗೆ ಹೋಗುವವೂ ಇವೆ. ಎರಡು ವೈರಿನ ಪಂಪಿಗೆ ಆ ಬುದ್ಧಿ ಇಲ್ಲ. ಮಾಸ್ಫೆಟ್ಟಿನ ಕಂಟ್ರೋಲ್ ವೈರ್ ಕಿತ್ತರೆ ಪಂಪ್ ನಿಲ್ಲುತ್ತದೆ, ಅಷ್ಟೇ.

ಹಳೇಎಂಜಿನ್:
ಅದಕ್ಕೆ ನನ್ನ ಹಳೇ ರಿಲೇ ಇದೆ. ಹೆಡ್ಡಿಗೆ 100 ಡಿಗ್ರಿಯ ಥರ್ಮಲ್ ಸ್ವಿಚ್ ಹಾಕಿ. ಅದು ರಿಲೇ ಎಳೆಯಲಿ, ರಿಲೇ ಮಾಸ್ಫೆಟ್ಟನ್ನು ದಾಟಿ ಪಂಪಿಗೆ ನೇರ ಕರೆಂಟ್ ಕೊಡಲಿ. ಇಸಿಯು ಸತ್ತರೂ ಎಂಜಿನ್ ಉಳಿಯುತ್ತದೆ.

ವೈರಿಂಗ್‌ಭೂತ:
ಇದು ಒಳ್ಳೆಯ ಐಡಿಯಾ ಸರ್, ನಾನೇ ಹೇಳಬೇಕಿತ್ತು.

ಸ್ಪ್ಯಾನರ್12:
ಸರಿ, ಥರ್ಮೋಸ್ಟಾಟ್ ಉಳಿಯಿತು. ಟೇಬಲ್ಲಿನ ಬದಲು ಪಿಐಡಿ (ಗುರಿಗೂ ಈಗಿನ ರೀಡಿಂಗಿಗೂ ಇರುವ ಅಂತರ ನೋಡಿ ತಾನೇ ಸ್ಪೀಡ್ ತಿದ್ದುವ ಕಂಟ್ರೋಲ್) ಬಳಸಿದರೆ? 88 ಡಿಗ್ರಿಗೆ ಗುರಿ ಇಟ್ಟು ಬಿಟ್ಟುಬಿಡುವುದು.

ಲೆಕ್ಕದಪುಸ್ತಕ:
ಬೇಡ. ರೇಡಿಯೇಟರಿನಲ್ಲಿ ತಣ್ಣಗಾದ ನೀರು ಎಂಜಿನ್ ದಾಟಿ ಸೆನ್ಸರಿಗೆ ಬರಲು ಸಮಯ ಬೇಕು, ಪಂಪ್ ನಿಧಾನವಿದ್ದಷ್ಟೂ ಇನ್ನೂ ಜಾಸ್ತಿ. ಅದರ ಮೇಲೆ ಥರ್ಮೋಸ್ಟಾಟ್ ಮತ್ತು ಫ್ಯಾನ್ ಕೂಡ ಅದೇ ಉಷ್ಣತೆಗಾಗಿ ಜಗ್ಗಾಡುತ್ತಿರುತ್ತವೆ. ಮೂವರು ಒಂದೇ ಸ್ಟಿಯರಿಂಗ್ ಹಿಡಿದ ಹಾಗಾಗುತ್ತದೆ. ಟೇಬಲ್ಲೇ ಇರಲಿ: ಒಂದು ಕಡೆ ಉಷ್ಣತೆ, ಇನ್ನೊಂದು ಕಡೆ ಮ್ಯಾನಿಫೋಲ್ಡ್ ಪ್ರೆಶರ್, ಅಂದರೆ ಎಂಜಿನ್ ಮೇಲಿನ ಹೊರೆಯ ಗುರುತು. ಆಕ್ಸಿಲರೇಟರ್ ಒತ್ತಿದ ಕೂಡಲೇ ಪಂಪ್ ಜೋರಾಗಲಿ. ನೀರು ಬಿಸಿಯಾಗುವವರೆಗೆ ಕಾಯುವುದು ಬೇಡ.

ಕುದಿನೀರು:
ಟೇಬಲ್ ಬರೆಯುವಾಗ ಒಂದು ಮಾತು. ಸೆನ್ಸರಿನ ವೈರ್ ಕಿತ್ತುಹೋದರೆ ಇಸಿಯು ಅದನ್ನು ಮೈನಸ್ 40 ಅಂತ ಓದಬಹುದು. ಅಂದರೆ 'ಎಂಜಿನ್ ಮಂಜುಗಡ್ಡೆ, ಪಂಪ್ ನಿಧಾನ'. ಕೆಲವು ಇಸಿಯು ಫಾಲ್ಟ್ ಅಂತ ಹಿಡಿದು ಬೇರೆ ಅಂಕಿ ಹಾಕಿಕೊಳ್ಳುತ್ತವೆ, ನಿಮ್ಮದು ಏನು ಮಾಡುತ್ತದೆ ಅಂತ ಕಿತ್ತೇ ನೋಡಿ. ನಾನು ಮೈನಸ್ 40ರ ಸಾಲಿನಲ್ಲಿ 100 ಪರ್ಸೆಂಟ್ ಬರೆದಿದ್ದೇನೆ.

ಸ್ಪ್ಯಾನರ್12:
ಭಾನುವಾರ ಪೂರ್ತಿ ಇದರಲ್ಲೇ ಕಳೆಯಿತು. ಕನಿಷ್ಠ 25 ಇಟ್ಟರೆ ನನ್ನ ಪಂಪ್ ಗುಂಯ್ ಅನ್ನುತ್ತದೆ, ತಿರುಗುವುದಿಲ್ಲ. 32ಕ್ಕೆ ತಿರುಗಿತು, 35 ಇಟ್ಟೆ. ಅರ್ಥ್ ಬೇರೆ ಮಾಡಿದ ಮೇಲೆ ರೀಡಿಂಗ್ 3 ಡಿಗ್ರಿ ಕುಣಿಯುತ್ತಿದ್ದದ್ದು ನಿಂತಿತು. ಕೊನೆಗೆ ಎಂಜಿನ್ ಐಡ್ಲಿಂಗಿನಲ್ಲಿ ಇರುವಾಗ ಸೆನ್ಸರಿನ ಕನೆಕ್ಟರ್ ಕಿತ್ತೆ. ಸ್ಕ್ರೀನ್ ಮೇಲೆ ಮೈನಸ್ 40, ಪಂಪ್ ಮಿಕ್ಸಿ ಹಾಗೆ ಕಿರುಚಿತು. ಹಳೇಎಂಜಿನ್ ಸರ್, ನಿಮ್ಮ ಥರ್ಮಲ್ ಸ್ವಿಚ್ಚಿಗೆ ಹೆಡ್ಡಿನಲ್ಲಿ ಜಾಗ ಸಿಗಲಿಲ್ಲ. ಹೀಟರಿನ ಹೋಸಿಗೆ ಟೀ ಜಾಯಿಂಟ್ ಹಾಕಿ ಅಲ್ಲಿ ಕೂರಿಸಿದರೆ ನಡೆಯುತ್ತಾ?

ಹಳೇಎಂಜಿನ್:
ಹೀಟರ್ ವಾಲ್ವ್ ಮುಚ್ಚಿದಾಗ ಆ ಹೋಸಿನಲ್ಲಿ ನೀರು ಹರಿಯುತ್ತಾ? ಮೊದಲು ಅದನ್ನು ನೋಡಿ ಹೇಳಿ.