ಅಮೆರಿಕದ ಅಂತರ್ಯುದ್ಧದ ನಂತರ ಬಿಡುಗಡೆಯಾದವರ ಹಕ್ಕುಗಳು ಹನ್ನೆರಡೇ ವರ್ಷಗಳಲ್ಲಿ ಕೈತಪ್ಪಿದ್ದು ಹೇಗೆ?

ಪ್ರಶ್ನೆ: ಎಂ.ಎ. ವಿದ್ಯಾರ್ಥಿನಿ, ಚಿಕ್ಕಬಳ್ಳಾಪುರ

ನಮ್ಮ ವಿಭಾಗದ ವಿಚಾರಗೋಷ್ಠಿಗಾಗಿ ಅಮೆರಿಕದ ಅಂತರ್ಯುದ್ಧಾನಂತರದ ಪುನರ್ನಿರ್ಮಾಣದ (ಸೋತ ದಕ್ಷಿಣದ ರಾಜ್ಯಗಳನ್ನು ಮತ್ತೆ ಕಟ್ಟಲು ನಡೆದ 1865–77ರ ಪ್ರಯತ್ನದ) ಕುರಿತು ಪ್ರಬಂಧ ಸಿದ್ಧಪಡಿಸುತ್ತಿದ್ದೇನೆ. ಕಾನೂನನ್ನಷ್ಟೇ ನೋಡಿದರೆ ಆಗಬೇಕಾದದ್ದೆಲ್ಲ ಆಗಿದೆ ಎನಿಸುತ್ತದೆ. 1865ರ 13ನೇ ತಿದ್ದುಪಡಿ ಗುಲಾಮಗಿರಿಯನ್ನು ರದ್ದುಪಡಿಸಿತು. 1868ರ 14ನೆಯದು ಪೌರತ್ವವನ್ನೂ ಕಾನೂನಿನ ಸಮಾನ ರಕ್ಷಣೆಯನ್ನೂ ಕೊಟ್ಟಿತು. 1870ರ 15ನೆಯದು ಬಣ್ಣದ ಕಾರಣಕ್ಕೆ ಮತದಾನವನ್ನು ನಿರಾಕರಿಸುವಂತಿಲ್ಲ ಎಂದಿತು. ಅದೇ ವರ್ಷ ಹೈರಮ್ ರೆವೆಲ್ಸ್ ಮಿಸಿಸಿಪ್ಪಿಯಿಂದ ಸೆನೆಟ್ ಪ್ರವೇಶಿಸಿದ ಮೊದಲ ಕಪ್ಪುಜನಾಂಗದ ಸದಸ್ಯರಾದರು. ಆದರೂ 1877ರ ಹೊತ್ತಿಗೆ ದಕ್ಷಿಣದ ಆಡಳಿತವೆಲ್ಲ ಹಳೆಯ ಯಜಮಾನರ ಕಡೆಯವರಿಗೇ ಮರಳಿತ್ತು. ಯುದ್ಧ ಗೆದ್ದವರು ಉತ್ತರದವರು, ಸಂವಿಧಾನ ತಿದ್ದಿದವರೂ ಅವರೇ. ಹೀಗಿದ್ದೂ ಸುಮಾರು 40 ಲಕ್ಷ ಜನರ ಬಿಡುಗಡೆ ಅರ್ಧಕ್ಕೆ ನಿಂತದ್ದೇಕೆ? 1876ರ ವಿವಾದಿತ ಚುನಾವಣೆಯ ನಂತರ ಹೇಯ್ಸ್ ಅವರನ್ನು ಅಧ್ಯಕ್ಷರನ್ನಾಗಿಸಿ, ಬದಲಿಗೆ ದಕ್ಷಿಣದಿಂದ ಕೇಂದ್ರದ ಸೇನೆಯನ್ನು ಹಿಂತೆಗೆಯಲು ನಡೆದ ರಾಜಿಯೇ ಕಾರಣವೆಂದು ನಾನು ನೋಡಿದ ಪುಸ್ತಕಗಳು ಹೇಳಿ ಮುಗಿಸುತ್ತವೆ. ಅಷ್ಟಕ್ಕೆ ಮನಸ್ಸು ಒಪ್ಪುತ್ತಿಲ್ಲ. ತಿಳಿದವರು ವಿವರಿಸಬೇಕೆಂದು ವಿನಂತಿ.

ಉತ್ತರ: ನಿವೃತ್ತ ಇತಿಹಾಸ ಉಪನ್ಯಾಸಕ, ತುಮಕೂರು

ನಿಮ್ಮ ಅನುಮಾನ ಸರಿಯಾಗಿಯೇ ಇದೆಯಮ್ಮ. ರಾಜಿಯ ಮಾತು ಬರುವಷ್ಟರಲ್ಲಿ ದಕ್ಷಿಣ ಕೆರೊಲಿನ, ಲೂಯಿಸಿಯಾನ, ಫ್ಲೋರಿಡಾ ಈ ಮೂರನ್ನು ಬಿಟ್ಟು ಉಳಿದ ರಾಜ್ಯಗಳೆಲ್ಲ ಆಗಲೇ ಕೈಬಿಟ್ಟುಹೋಗಿದ್ದವು. ನನ್ನ ದೃಷ್ಟಿಯಲ್ಲಿ ಸೋಲಿನ ಬೀಜ ಬಿದ್ದದ್ದು 1865ರಲ್ಲೇ, ಅದೂ ಜಮೀನಿನ ವಿಷಯದಲ್ಲಿ.

ಆ ವರ್ಷದ ಜನವರಿಯಲ್ಲಿ ಉತ್ತರದ ಸೇನೆಯ ಜನರಲ್ ಶರ್ಮನ್ ಒಂದು ಆದೇಶ ಹೊರಡಿಸಿ, ಮಾಲೀಕರು ಬಿಟ್ಟು ಓಡಿದ್ದ ಕರಾವಳಿಯ ಹಾಗೂ ದ್ವೀಪಗಳ ಭೂಮಿಯಲ್ಲಿ ಬಿಡುಗಡೆಯಾದ ಪ್ರತಿ ಕುಟುಂಬಕ್ಕೆ 40 ಎಕರೆಯವರೆಗೆ ಕೊಡಲು ಅವಕಾಶ ಮಾಡಿದರು. ಸುಮಾರು 40 ಸಾವಿರ ಜನ ಅಲ್ಲಿ ನೆಲೆನಿಂತು ಬೇಸಾಯಕ್ಕೆ ಇಳಿದರು. ಏಪ್ರಿಲ್‌ನಲ್ಲಿ ಲಿಂಕನ್ ಹತ್ಯೆಯಾಯಿತು. ನಂತರ ಬಂದ ಆಂಡ್ರೂ ಜಾನ್ಸನ್ ಹಳೆಯ ಮಾಲೀಕರಿಗೆ ಕ್ಷಮಾದಾನ ನೀಡುತ್ತ, ಆ ಜಮೀನನ್ನೂ ಅವರಿಗೇ ಹಿಂದಿರುಗಿಸಬೇಕೆಂದರು. ಈ ಸುದ್ದಿಯನ್ನು ದಕ್ಷಿಣ ಕೆರೊಲಿನದ ಎಡಿಸ್ಟೊ ದ್ವೀಪದ ಜನರಿಗೆ ಮುಟ್ಟಿಸುವ ಕೆಲಸ, ಬಿಡುಗಡೆಯಾದವರ ನೆರವಿಗೆಂದು ಕೇಂದ್ರ ತೆರೆದಿದ್ದ ‘ಬಿಡುಗಡೆಯಾದವರ ಇಲಾಖೆ’ಯ ಮುಖ್ಯಸ್ಥರಾಗಿದ್ದ ಜನರಲ್ ಹೊವಾರ್ಡ್ ಅವರ ಪಾಲಿಗೆ ಬಂತು. ಅಕ್ಟೋಬರ್‌ನಲ್ಲಿ ಅವರು ಚರ್ಚಿನಲ್ಲಿ ಸೇರಿದ್ದ ಜನರ ಮುಂದೆ ನಿಂತು, ಮಾಲೀಕರನ್ನು ಕ್ಷಮಿಸಿ ಅವರೊಡನೆ ಒಪ್ಪಂದ ಮಾಡಿಕೊಳ್ಳಿ ಎಂದು ಕೇಳಿಕೊಂಡರು. ಜನರ ಸಮಿತಿ ಬರೆದ ಉತ್ತರವನ್ನು ನೀವು ಹುಡುಕಿ ಓದಲೇಬೇಕು. ನನ್ನನ್ನು ಮರಕ್ಕೆ ಕಟ್ಟಿ 39 ಛಡಿಯೇಟು ಹೊಡೆದವನು, ನನ್ನ ತಾಯಿಯನ್ನೂ ತಂಗಿಯನ್ನೂ ಹೊಡೆದವನು, ಅವನ ಹೊಲ ಉತ್ತು ಅವನು ಹೇಳಿದ ಕೂಲಿಗೆ ಒಪ್ಪದಿದ್ದರೆ ತನ್ನ ಖಾಲಿ ಗುಡಿಸಿಲಲ್ಲೂ ಇರಗೊಡದವನು, ಅಂಥವನನ್ನು ಹೇಗೆ ಕ್ಷಮಿಸಲಿ ಎಂಬುದು ಅದರ ಸಾರ. ಅವರು ಕೇಳಿದ್ದು ದಾನವನ್ನಲ್ಲ. ಕೊಂಡುಕೊಳ್ಳಲು ಅಥವಾ ಗುತ್ತಿಗೆಗೆ ಪಡೆಯಲು ಅವಕಾಶವನ್ನು.

ಅದು ಸಿಗಲಿಲ್ಲ. ಅದೇ ವರ್ಷದ ಕೊನೆಯಲ್ಲಿ ಮಿಸಿಸಿಪ್ಪಿ ಮಾಡಿದ ಕಾನೂನಿನಂತೆ ಕಪ್ಪುಜನರು ಪ್ರತಿ ಜನವರಿಯಲ್ಲಿ ಕೆಲಸವಿದೆಯೆಂಬುದಕ್ಕೆ ಲಿಖಿತ ಸಾಕ್ಷ್ಯ ತೋರಿಸಬೇಕಿತ್ತು. ಅಲೆಮಾರಿಯೆಂದು ಸಿಕ್ಕಿಬಿದ್ದವನು ದಂಡ ಕಟ್ಟಲಾರದೆ ಹೋದರೆ, ಆ ದಂಡ ಕಟ್ಟಿದವನ ಬಳಿ ದುಡಿದು ತೀರಿಸಬೇಕಿತ್ತು. ಇಂಥ ಕಾನೂನುಗಳು ಹೆಚ್ಚು ಕಾಲ ನಿಲ್ಲಲಿಲ್ಲ, ಆದರೆ ಅವುಗಳ ಕೆಲಸವನ್ನು ಸಾಲ ಮುಂದುವರಿಸಿತು. ನಮ್ಮ ಕಡೆ ವಾರಕ್ಕೆ ಮಾಡುವುದು (ಬೆಳೆಯಲ್ಲಿ ಪಾಲು ಕೊಟ್ಟು ಪರರ ಹೊಲ ಉಳುವುದು) ಎನ್ನುತ್ತೇವಲ್ಲ, ಅಂಥದೇ ಪದ್ಧತಿ ಹತ್ತಿಯ ಸೀಮೆಯಲ್ಲೆಲ್ಲ ಹಬ್ಬಿತು: ಬೀಜ, ಜೋಳದ ಹಿಟ್ಟು, ಬಟ್ಟೆ ಎಲ್ಲವೂ ಅಂಗಡಿಯಿಂದ ಉದ್ದರಿ, ಅದಕ್ಕೆ ಬರಲಿರುವ ಬೆಳೆಯೇ ಒತ್ತೆ. ಓದು ಬಾರದವನ ಲೆಕ್ಕವನ್ನು ಸಾಲ ಕೊಟ್ಟವನೇ ಬರೆದರೆ ವರ್ಷದ ಕೊನೆಗೆ ಏನು ಉಳಿಯುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. (ನಮ್ಮ 1974ರ ಭೂಸುಧಾರಣೆಯಲ್ಲೂ ಭೂಮಿ ದೊರೆತದ್ದು ಗೇಣಿದಾರರಿಗೆ; ಜೀತದಾಳುಗಳು ಯಾರ ಗೇಣಿದಾರರೂ ಆಗಿರಲಿಲ್ಲ.)

ಉತ್ತರ: ವಕೀಲ, ಕೋಲಾರ

ಮೇಷ್ಟ್ರ ಮಾತನ್ನು ಮುಕ್ಕಾಲುಪಾಲು ಒಪ್ಪುತ್ತೇನೆ, ಉಳಿದ ಕಾಲುಭಾಗಕ್ಕೆ ತಕರಾರಿದೆ. ಜಮೀನು ಸಿಕ್ಕರೆ ಸಾಲದು, ಅದು ಕೈಯಲ್ಲಿ ಉಳಿಯಬೇಕು. ನಮ್ಮ ರಾಜ್ಯದಲ್ಲಿ ದಲಿತರಿಗೆ ಮಂಜೂರಾದ ಜಮೀನು ಚಿಲ್ಲರೆ ಕಾಸಿಗೆ ಪರರ ಪಾಲಾಗುತ್ತಿದ್ದುದರಿಂದಲೇ 1978ರಲ್ಲಿ ಪರಭಾರೆ ನಿಷೇಧ ಕಾಯ್ದೆ ಮಾಡಬೇಕಾಯಿತು. ಅದರಡಿ ಅರ್ಜಿ ಹಾಕಲು ಕಾಲಮಿತಿ ಇದೆಯೇ ಎಂಬ ಜಗಳ 2023ರ ತಿದ್ದುಪಡಿಯವರೆಗೂ ಎಳೆಯಿತು. ಹಕ್ಕಿನ ಹಿಂದೆ ನ್ಯಾಯಾಲಯವೂ ಪೊಲೀಸರೂ ನಿಲ್ಲದಿದ್ದರೆ 40 ಎಕರೆಯ ಪತ್ರವೂ ಬರಿಯ ಕಾಗದವೇ.

ಸರ್ಕಾರ ಮನಸ್ಸು ಮಾಡಿದಾಗ ಹಿಂಸೆಯನ್ನು ಹತ್ತಿಕ್ಕಲು ಸಾಧ್ಯವಾಯಿತು ಎಂಬುದಕ್ಕೂ ಅಮೆರಿಕವೇ ಸಾಕ್ಷಿ. 1870ರಲ್ಲಿ ಕೇಂದ್ರದ ನ್ಯಾಯ ಇಲಾಖೆ ಸ್ಥಾಪನೆಯಾಯಿತು. 1871ರ ಅಕ್ಟೋಬರ್‌ನಲ್ಲಿ ಅಧ್ಯಕ್ಷ ಗ್ರಾಂಟ್ ದಕ್ಷಿಣ ಕೆರೊಲಿನದ 9 ಕೌಂಟಿಗಳಲ್ಲಿ ಹೇಬಿಯಸ್ ಕಾರ್ಪಸ್ (ಬಂಧಿತರನ್ನು ನ್ಯಾಯಾಲಯದ ಮುಂದೆ ತರಬೇಕೆಂಬ ಹಕ್ಕು) ಅಮಾನತುಗೊಳಿಸಿ, ಕಪ್ಪುಜನರ ಮೇಲೆ ಹಿಂಸೆ ನಡೆಸುತ್ತಿದ್ದ ಬಿಳಿಯರ ಗುಪ್ತ ಸಂಘಟನೆ ಕು ಕ್ಲಕ್ಸ್ ಕ್ಲಾನ್‌ನ ನೂರಾರು ಜನರನ್ನು ಬಂಧಿಸಿದಾಗ ಆ ಸಂಘಟನೆಯ ಸೊಂಟ ಮುರಿಯಿತು. ಆದರೆ ಸರ್ಕಾರದ ಈ ಪ್ರಯತ್ನಕ್ಕೆ ಪೆಟ್ಟು ಬಿದ್ದದ್ದು ನ್ಯಾಯಪೀಠದಿಂದ. 1873ರ ಏಪ್ರಿಲ್ 13, ಈಸ್ಟರ್ ಭಾನುವಾರ, ಲೂಯಿಸಿಯಾನದ ಕೋಲ್‌ಫ್ಯಾಕ್ಸ್ ಎಂಬಲ್ಲಿ ಕೋರ್ಟ್ ಕಟ್ಟಡವನ್ನು ಕಾಯುತ್ತಿದ್ದ ಕಪ್ಪುಜನರ ಮೇಲೆ ಬಿಳಿಯರ ಸಶಸ್ತ್ರ ಗುಂಪು ಫಿರಂಗಿ ಸಮೇತ ಬಿದ್ದು, ಕಟ್ಟಡಕ್ಕೆ ಬೆಂಕಿಯಿಟ್ಟು, ಶರಣಾದವರನ್ನೂ ಕೊಂದಿತು. 97 ಜನರ ಮೇಲೆ ಆರೋಪ ಹೊರಿಸಿ, ಕೊನೆಗೆ ತಪ್ಪಿತಸ್ಥರೆಂದು ತೀರ್ಮಾನವಾದದ್ದು 3 ಜನರ ಮೇಲೆ. 1876ರಲ್ಲಿ ಸುಪ್ರೀಂ ಕೋರ್ಟ್ ಅದನ್ನೂ ರದ್ದುಪಡಿಸಿತು: 14ನೇ ತಿದ್ದುಪಡಿ ನಿರ್ಬಂಧಿಸುವುದು ರಾಜ್ಯವನ್ನು, ಖಾಸಗಿ ವ್ಯಕ್ತಿಗಳನ್ನಲ್ಲ ಎಂಬುದು ಅದರ ಮುಖ್ಯ ತರ್ಕ. ಕೊಲೆ ರಾಜ್ಯದ ವಿಷಯವಾಯಿತು, ಆ ರಾಜ್ಯದಲ್ಲಿ ಜ್ಯೂರಿ ಕೂರುವವರು ಯಾರೆಂಬುದು ಎಲ್ಲರಿಗೂ ಗೊತ್ತಿತ್ತು. ಗುಲಾಮಗಿರಿ ತೊಲಗಿಸಿದ್ದಕ್ಕಾಗಿ ಜ್ಯೋತಿಬಾ ಫುಲೆಯವರು ತಮ್ಮ ಕೃತಿಯನ್ನು ಅಮೆರಿಕದ ಜನರಿಗೆ ಅರ್ಪಿಸಿದ್ದು ಕೋಲ್‌ಫ್ಯಾಕ್ಸ್ ನಡೆದ ಅದೇ 1873ರಲ್ಲಿ.

ನಮ್ಮ ಸಂವಿಧಾನದ 17 ಮತ್ತು 23ನೇ ವಿಧಿಗಳನ್ನು ಈ ಹಿನ್ನೆಲೆಯಲ್ಲಿ ಓದಿ. ಅಸ್ಪೃಶ್ಯತೆಯನ್ನೂ ಬಲವಂತದ ದುಡಿಮೆಯನ್ನೂ ಅವು ನಿಷೇಧಿಸುವುದು ಸರ್ಕಾರದ ವಿರುದ್ಧ ಮಾತ್ರವಲ್ಲ, ಯಾವ ಖಾಸಗಿ ವ್ಯಕ್ತಿಯ ವಿರುದ್ಧವೂ ಹೌದು. 1982ರ ಏಷ್ಯಾಡ್ (ಏಷ್ಯನ್ ಕ್ರೀಡಾಕೂಟ) ಕಾಮಗಾರಿಯ ಕಾರ್ಮಿಕರ ಪ್ರಕರಣದಲ್ಲಿ ನಮ್ಮ ಸುಪ್ರೀಂ ಕೋರ್ಟ್ ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಸುವುದೂ 23ನೇ ವಿಧಿಯ ಉಲ್ಲಂಘನೆಯೆಂದಿತು.

ಪ್ರಶ್ನೆ ಕೇಳಿದವರು: ಇಬ್ಬರಿಗೂ ಧನ್ಯವಾದಗಳು ಸರ್. ಹಾಗಾದರೆ ಆ ಹನ್ನೆರಡು ವರ್ಷಗಳಲ್ಲಿ ಉಳಿದು ಬಂದದ್ದು ಏನೂ ಇಲ್ಲವೇ?

ಉತ್ತರ: ಶಾಲಾ ಶಿಕ್ಷಕ, ಬಾಗೇಪಲ್ಲಿ

ಶಾಲೆಗಳು ಉಳಿದವು. ಕಪ್ಪುಜನರೂ ಕುಳಿತು ಬರೆದ ಹೊಸ ರಾಜ್ಯ ಸಂವಿಧಾನಗಳಿಂದಲೇ ದಕ್ಷಿಣದಲ್ಲಿ ಸಾರ್ವಜನಿಕ ಶಾಲಾ ವ್ಯವಸ್ಥೆ ಬೇರೂರಿತು. 1866ರ ಫಿಸ್ಕ್, 1867ರ ಹೊವಾರ್ಡ್ ವಿದ್ಯಾಸಂಸ್ಥೆಗಳು ಇಂದಿಗೂ ನಡೆಯುತ್ತಿವೆ. ಇಡೀ ದಕ್ಷಿಣಕ್ಕೆ ಬಿಡುಗಡೆಯಾದವರ ಇಲಾಖೆಯ ಪ್ರತಿನಿಧಿಗಳು ಯಾವ ಕಾಲದಲ್ಲೂ 900ಕ್ಕಿಂತ ಹೆಚ್ಚಿರಲಿಲ್ಲ ಎಂಬುದನ್ನು ನೆನೆದರೆ ಇದು ಸಣ್ಣ ಸಾಧನೆಯಲ್ಲ. ಉಳಿಯದೆ ಹೋದದ್ದು ಹಣ. ಬಿಡುಗಡೆಯಾದವರ ಉಳಿತಾಯ ಬ್ಯಾಂಕು 1874ರಲ್ಲಿ ಮುಚ್ಚಿದಾಗ 60 ಸಾವಿರಕ್ಕೂ ಹೆಚ್ಚು ಠೇವಣಿದಾರರು ಸಿಕ್ಕಿಬಿದ್ದರು.

ಸಾಲದ ವಿಷಯಕ್ಕೆ ಮೇಷ್ಟ್ರು ಕೊಟ್ಟ ತೂಕವನ್ನು ನಾನು ಇನ್ನೂ ಹೆಚ್ಚಿಸುತ್ತೇನೆ. 1976ರ ಜೀತ ಪದ್ಧತಿ ರದ್ದಿಯಾತಿ ಕಾಯ್ದೆ ಜೀತದ ಸಾಲವನ್ನೇ ಅಳಿಸಿಹಾಕುತ್ತದೆ, ಅದು ಜೀತದ ಸಾಲವಲ್ಲವೆಂದು ಸಾಬೀತುಪಡಿಸುವ ಹೊಣೆಯನ್ನು ಕೊಟ್ಟವನ ಮೇಲೆಯೇ ಹೊರಿಸುತ್ತದೆ. ಅಮೆರಿಕದಲ್ಲಿ ಅಂಗಡಿಯವನ ಲೆಕ್ಕವನ್ನು ಹೀಗೆ ಪ್ರಶ್ನಿಸುವ ಕಾನೂನು ಬರಲೇ ಇಲ್ಲ. ಇಲ್ಲಿ ಕಾನೂನು ಬಂದರೂ, ಜೀತದಿಂದ ಬಿಡುಗಡೆಯಾದ ನಮ್ಮ ತಂದೆ ಬಿಡುಗಡೆ ಪತ್ರವನ್ನು ಟ್ರಂಕಿನಲ್ಲಿಟ್ಟು, ಮುಂದಿನ ಮುಂಗಾರಿಗೆ ಬಿತ್ತನೆ ರಾಗಿ ಕೇಳಲು ಹೋಗಿ ನಿಂತದ್ದು ಅದೇ ಯಜಮಾನರ ಜಗಲಿಯ ಮುಂದೆ. ಬೇರೆ ಕಡೆ ಕೊಡುವವರು ಯಾರೂ ಇರಲಿಲ್ಲ.

ಉತ್ತರ: ನಿವೃತ್ತ ಇತಿಹಾಸ ಉಪನ್ಯಾಸಕ, ತುಮಕೂರು

ವಕೀಲರ ತಕರಾರು ನ್ಯಾಯವಾಗಿದೆ. ಪ್ರಬಂಧಕ್ಕೆ ಒಂದು ಸೂಚನೆ: 1877ಕ್ಕೆ ಕಥೆ ಮುಗಿಸಬೇಡಿ. ಅದಾದ ಮೇಲೂ ಕಪ್ಪುಜನರು ಬೆದರಿಕೆಯ ನಡುವೆಯೇ ಹಲವು ಕಡೆ ಮತ ಹಾಕುತ್ತಿದ್ದರು. ಅದನ್ನು ಕಾನೂನಿನ ಮೂಲಕವೇ ಕಿತ್ತುಕೊಳ್ಳುವ ದಾರಿ ತೋರಿಸಿದ್ದು, ಮತಗಟ್ಟೆಗೆ ತೆರಿಗೆಯನ್ನೂ ಓದಿನ ಪರೀಕ್ಷೆಯನ್ನೂ ತಂದ 1890ರ ಮಿಸಿಸಿಪ್ಪಿ ಸಂವಿಧಾನ. 1901ರಲ್ಲಿ ಉತ್ತರ ಕೆರೊಲಿನದ ಜಾರ್ಜ್ ಹೆನ್ರಿ ವೈಟ್ ಅವರ ಅವಧಿ ಮುಗಿದ ಬಳಿಕ, 1928ರ ಚುನಾವಣೆಯವರೆಗೆ ಕಾಂಗ್ರೆಸ್‌ಗೆ ಒಬ್ಬ ಕಪ್ಪುಜನಾಂಗದ ಸದಸ್ಯರೂ ಆಯ್ಕೆಯಾಗಲಿಲ್ಲ. ಆಗ ಆಯ್ಕೆಯಾದವರೂ ದಕ್ಷಿಣದವರಲ್ಲ, ಉತ್ತರದ ಶಿಕಾಗೊದವರು.