ಹವಾಮಾನದ ಸಭೆಯನ್ನು ಹಾಡಿಯವರೇ ಕರೆದರೆ?

ತಿತಿಮತಿ ಹಾಡಿ ಹುಡುಗ
1990ರಲ್ಲಿ ಅಮೆರಿಕದ ಅರಿಜೋನಾದಲ್ಲಿ, ಡಿಲ್ಕನ್ ಎಂಬ ಊರಲ್ಲಿ, ನವಾಹೊ ಬುಡಕಟ್ಟಿನ ನೆಲದಲ್ಲಿ ಒಂದು ಸಭೆ ನಡೆಯಿತು. ಅಲ್ಲಿ ವಿಷದ ಕಸ ಸುಡುವ ಘಟಕ ಬರುವುದಿತ್ತು. ಊರವರು ಅದನ್ನು ವಿರೋಧಿಸಿದ್ದರು, ಬೇರೆ ಬುಡಕಟ್ಟಿನವರೂ ಬಂದು ಸೇರಿದರು. ಆಮೇಲೆ ಅಂಥ ಸಭೆಗಳು ಬೇರೆ ಬುಡಕಟ್ಟುಗಳ ನೆಲದಲ್ಲೂ ನಡೆದವು. ಕರೆಯುವವರೂ ಅವರೇ, ಏನು ಮಾತಾಡಬೇಕು ಅಂತ ತೀರ್ಮಾನಿಸುವವರೂ ಅವರೇ.

ನಮ್ಮ ಕೊಡಗಲ್ಲಿ ಯಾಕಾಗಬಾರದು? ಹವಾಮಾನದ ಸಭೆಗೆ ನಮ್ಮವರನ್ನು ಕರೆದರೆ ಅದು ಕುಣಿತಕ್ಕೆ. ಜೇನುಕುರುಬ, ಬೆಟ್ಟಕುರುಬ, ಯರವ, ಕುಡಿಯ ಆದಿವಾಸಿಗಳೆಲ್ಲರೂ ಸೇರಿ ನಾಗರಹೊಳೆ ಕಾಡಿನ ಅಂಚಿನ ಹಾಡಿಯೊಂದರಲ್ಲಿ, ಅಂದರೆ ನಮ್ಮವರ ಊರೊಂದರಲ್ಲಿ, ಎರಡು ದಿನ ಕೂರೋಣ ಅಂತಿದ್ದೇವೆ. ಮೊದಲ ದಿನ ನಾವು ಮಾತ್ರ. ಎರಡನೇ ದಿನ ಎಲ್ಲರೂ ಬನ್ನಿ.

ಬೆಳೆಗಾರ, ಮಾದಾಪುರ
ಒಳ್ಳೆಯ ಯೋಚನೆ ತಮ್ಮಾ. ಆದರೆ 2018ರ ಆಗಸ್ಟಲ್ಲಿ ಗುಡ್ಡ ಜರಿದಾಗ ಯಾರು ಏನು ಅಂತ ನೋಡಿ ಜರಿಯಲಿಲ್ಲ. ಮಕ್ಕಂದೂರು, ಹಟ್ಟಿಹೊಳೆ, ಜೋಡುಪಾಲದ ಕಡೆ ತೋಟ, ಗದ್ದೆ, ಮನೆ ಹೋದವು. ಕಾಫಿ ಹೂ ಅರಳಿಸುವ ಹೂಮಳೆ ಹೊತ್ತಿಗೆ ಸರಿಯಾಗಿ ಬರುವುದಿಲ್ಲ. ಕೊಯ್ದ ಕಾಫಿ ಕಣದಲ್ಲೇ ನೆನೆಯುತ್ತದೆ. ಕಷ್ಟ ಎಲ್ಲರದ್ದೂ ಅಂದ ಮೇಲೆ ಮೊದಲ ದಿನವೇ ನಮ್ಮನ್ನು ಹೊರಗಿಡುವುದು ಯಾಕೆ?

ಲೈನ್ ಮನೆ ಮಗಳು, ಸಿದ್ದಾಪುರ
ಗುಡ್ಡ ನೋಡಲಿಲ್ಲ ಅಣ್ಣ, ನಿಜ. ಮಳೆ ನಿಂತ ಮೇಲೆ ಏನಾಯಿತು? ಬೆಳೆ ಪರಿಹಾರಕ್ಕೆ ಪಹಣಿ ಬೇಕು. ತೋಟದ ಕೂಲಿಯವರ ಲೈನ್ ಮನೆಯಲ್ಲಿರುವ ಯರವರ ಹತ್ತಿರ ಯಾವ ಪಹಣಿ ಇದೆ? 2019ರಲ್ಲಿ ಕಾವೇರಿ ಉಕ್ಕಿ ಕರಡಿಗೋಡು, ನೆಲ್ಯಹುದಿಕೇರಿಯಲ್ಲಿ ಮನೆಗಳು ಬಿದ್ದವು. ಹೊಳೆದಂಡೆಯಲ್ಲಿ ಇದ್ದದ್ದು ಜಾಸ್ತಿ ಕೂಲಿಯವರು. ಬೇರೆ ಜಾಗ ಇದ್ದಿದ್ದರೆ ಅಲ್ಲಿ ಯಾರು ಮನೆ ಕಟ್ಟುತ್ತಿದ್ದರು? ಹೂಮಳೆ ತಪ್ಪಿದರೆ ನಿಮಗೆ ಇಳುವರಿ ಕಮ್ಮಿ, ನಮಗೆ ಕೊಯ್ಲಿನ ಕೂಲಿಯೇ ಕಮ್ಮಿ. ಜೋರು ಮಳೆಗೆ ಕೆಲಸ ನಿಂತರೆ ಆ ದಿನದ ಕೂಲಿ ಇಲ್ಲ. ಇದನ್ನೆಲ್ಲ ಸಾಹುಕಾರರ ಎದುರಿಗೆ ನಮ್ಮ ಅಮ್ಮ ಬಾಯಿ ಬಿಟ್ಟು ಹೇಳುವುದಿಲ್ಲ. ಮೊದಲ ದಿನ ಬೇಕಿರುವುದು ಅದಕ್ಕೇ.

ನಿವೃತ್ತ ಅರಣ್ಯ ಸಿಬ್ಬಂದಿ, ಕುಟ್ಟ
ಸಭೆ ಮಾಡಿ, ಬೇಡ ಅನ್ನುವುದಿಲ್ಲ. ಕೊನೆಗೆ ಅದು ಕಾಡಿನೊಳಗೆ ಜಾಗ ಕೊಡಿ ಅನ್ನುವಲ್ಲಿಗೆ ಬಂದು ನಿಲ್ಲುತ್ತದೆ ಅನ್ನುವುದೇ ನನ್ನ ಆತಂಕ. 2025ರ ಮೇ ತಿಂಗಳಲ್ಲಿ ನಾಗರಹೊಳೆ ಕಾಡಿನೊಳಗಿನ ಕರಡಿಕಲ್ಲು ಅತ್ತೂರು ಕೊಲ್ಲಿಗೆ 52 ಜೇನುಕುರುಬ ಕುಟುಂಬಗಳು ವಾಪಸ್ ಹೋದವು. ನಾಗರಹೊಳೆ ಹುಲಿ ಮೀಸಲು ಪ್ರದೇಶ. ಹುಲಿ, ಆನೆಗೆ ಗಲಾಟೆ ಇಲ್ಲದ ಕಾಡು ಬೇಕು. ಕಾಡು ಇದ್ದರೆ ತಾನೇ ಮಳೆ, ಹೊಳೆ?

ತಿತಿಮತಿ ಹಾಡಿ ಹುಡುಗ
ಸರ್, ಆ ಕುಟುಂಬಗಳು ಹೊಸ ಜಾಗಕ್ಕೆ ಹೋಗಲಿಲ್ಲ. ಅವರ ಹಿರಿಯರ ಸಮಾಧಿ, ದೇವರ ಜಾಗ ಅಲ್ಲೇ ಇದೆ. 2006ರ ಅರಣ್ಯ ಹಕ್ಕು ಕಾಯ್ದೆಯ ಸೆಕ್ಷನ್ 4(5) ಓದಿ. ಹಕ್ಕಿನ ಪರಿಶೀಲನೆ ಮುಗಿಯುವ ತನಕ ಕಾಡಿನಲ್ಲಿರುವ ಆದಿವಾಸಿಯನ್ನು ಎಬ್ಬಿಸುವಂತಿಲ್ಲ. ಬಿಳಿಗಿರಿರಂಗನ ಬೆಟ್ಟವೂ ಹುಲಿ ಮೀಸಲೇ. ಅಲ್ಲಿ 2011ರಲ್ಲಿ ಅಲ್ಲಿನ ಆದಿವಾಸಿಗಳಾದ ಸೋಲಿಗರಿಗೆ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು.

ಇನ್ನು ಕಾಡು ಕಾಯುವ ಮಾತು. ನಾಗರಹೊಳೆಯಲ್ಲಿ ಬ್ರಿಟಿಷರ ಕಾಲದಿಂದ ತೇಗ ನೆಟ್ಟವರು ನಾವಲ್ಲ. ಲಂಟಾನ ಎಂಬ ಕಳೆಗಿಡ ತುಂಬಿ ಹುಲ್ಲು ಹೋಯಿತು. ಹುಲ್ಲು, ಬಿದಿರು ಇಲ್ಲದಿದ್ದರೆ ಆನೆ ತೋಟಕ್ಕೆ ಬರುತ್ತದೆ, ಅಲ್ವಾ? ಹಿಂದೆ ಬೇಸಿಗೆ ಶುರುವಿಗೆ ಹಿರಿಯರು ತರಗೆಲೆಗೆ ಸಣ್ಣ ಬೆಂಕಿ ಹಾಕುತ್ತಿದ್ದರು. ಮರದ ಬುಡ ಸುಡುವುದಿಲ್ಲ, ಕಳೆ ಏಳುವುದಿಲ್ಲ. ಬಿಳಿಗಿರಿಯ ಸೋಲಿಗರೂ ಇದನ್ನೇ ಹೇಳುತ್ತಾರೆ.

ನಿವೃತ್ತ ಅರಣ್ಯ ಸಿಬ್ಬಂದಿ, ಕುಟ್ಟ
ಬೆಂಕಿಯ ಮಾತು ಮಾತ್ರ ಬೇಡ. ಈಗಿನ ಒಣ ಲಂಟಾನಕ್ಕೆ ಕಿಡಿ ತಗುಲಿದರೆ ಮರದ ತುದಿ ತನಕ ಹೋಗುತ್ತದೆ. ನಾನು ಬೆಂಕಿ ಆರಿಸಿದವನು.

ತಿತಿಮತಿ ಹಾಡಿ ಹುಡುಗ
ಈಗ ಹಚ್ಚಿ ಅಂತ ಯಾರೂ ಹೇಳುತ್ತಿಲ್ಲ. ಮೊದಲು ಲಂಟಾನ ಕೀಳಬೇಕು. ಎಲ್ಲಿ, ಯಾವಾಗ, ಹೇಗೆ ಅನ್ನುವುದನ್ನು ಗ್ರಾಮಸಭೆ, ಇಲಾಖೆ ಒಟ್ಟಿಗೆ ಕೂತು ನೋಡಲಿ. ನೀವು ಎರಡನೇ ದಿನ ಬಂದು ಇದನ್ನೇ ಹೇಳಿ ಸರ್. ನಿಮ್ಮಂಥವರು ಅಲ್ಲಿ ಬೇಕು.

ಬೆಳೆಗಾರ, ಮಾದಾಪುರ
ಮೊದಲ ದಿನದ ಬಗ್ಗೆ ನನಗಿನ್ನೂ ಒಪ್ಪಿಗೆ ಇಲ್ಲ. ಎರಡನೇ ದಿನ ಬರುತ್ತೇನೆ. ಮೇ ತಿಂಗಳಲ್ಲಿ ಇಡಿ, ತೋಟದಲ್ಲಿ ಕೆಲಸ ಕಮ್ಮಿ.

ಲೈನ್ ಮನೆ ಮಗಳು, ಸಿದ್ದಾಪುರ
ಮೇ ತಿಂಗಳು ಹೆಜ್ಜೇನು ತೆಗೆಯುವ ಹೊತ್ತು ಅಣ್ಣ, ಹಾಡಿಯ ಗಂಡಸರು ಕಾಡಲ್ಲಿರುತ್ತಾರೆ. ಕೊಯ್ಲು ಮುಗಿದ ಮೇಲೆ, ಜೇನಿಗೆ ಹೋಗುವ ಮೊದಲು ಇಡಬೇಕು. ಆಗ ನಿಮ್ಮಲ್ಲಿ ನೆರಳಿನ ಮರದ ಕೊಂಬೆ ಕಡಿಯುವ ಮರಗಸಿ, ನೀರು ಹಾಯಿಸುವ ಕೆಲಸ ಇರುತ್ತದೆ, ಗೊತ್ತು. ಆ ಎರಡು ದಿನ ಕೂಲಿ ಹಿಡಿಯದೆ ರಜೆ ಕೊಡುತ್ತೀರಾ?

ಬೆಳೆಗಾರ, ಮಾದಾಪುರ
ನನ್ನ ತೋಟದಲ್ಲಿ ಕೊಡುತ್ತೇನೆ. ಪಕ್ಕದವರನ್ನೂ ಕೇಳಿ ನೋಡುತ್ತೇನೆ. ದಿನಾಂಕ ನೀವೇ ಹೇಳಿ.